ಮಾಳವಾಡಿ ಸಾಲಿಯ ಬೋರ್ಡು

ಬೀದರಿನ ಚೌಬಾರಾದ ಸುತ್ತ ಮನ್ಮಥಪ್ಪ ನಡೆದು ಹೊರಟನೆಂದರೆ ಅಂಗಡಿಕಾರರು ತಕ್ಕಡಿಯ ಕಡೆಗೋ ಗಲ್ಲಾಪೆಟ್ಟಿಗೆಯ ಕಡೆಗೋ ಮುಖ ತಿರುಗಿಸಿಬಿಡುತ್ತಿದ್ದರು. ಅವನು ಅಂಗಡಿಯನ್ನು ನೋಡುತ್ತಿರಲಿಲ್ಲ, ಅಂಗಡಿಯ ಮೇಲಿನ ಬೋರ್ಡನ್ನು ನೋಡುತ್ತಿದ್ದ. ನೋಡಿ, ಮೂಗಿನ ಹೊಳ್ಳೆ ಅರಳಿಸಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಸರಿಯಾಗಿ ಆ ಬೋರ್ಡಿನ ಕೆಳಗಿನ ಗಟಾರಕ್ಕೇ ಉಗುಳುತ್ತಿದ್ದ. ಕಿರಾಣಿ ಅಂಗಡಿಯ ‘ಣ’ ಬಾತುಕೊಂಡ ಎಮ್ಮೆಯಂತಿದೆ ಎಂದೂ, ಔಷಧದ ಅಂಗಡಿಯವನು ‘ಷ’ದ ಹೊಟ್ಟೆ ಸೀಳುವುದನ್ನೇ ಮರೆತಿದ್ದಾನೆ, ಅವನ ಔಷಧ ಕುಡಿದವರ ಗತಿಯೂ ಅಷ್ಟೇ ಎಂದೂ ಕೇಳುವವರಿಗೆ ಕೇಳುವಂತೆ ಹೇಳಿಕೊಂಡೇ ಮುಂದೆ ಹೋಗುತ್ತಿದ್ದ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ತುಂಬುತ್ತ ಬಂದಿತ್ತು. ಅದಕ್ಕೆ ಮೊದಲು ಉರ್ದುವಿನಲ್ಲಿ ಹೆಸರು ಬರೆಸಿ, ಮೇಲೊಂದು ಚಂದ್ರ ಬರೆಸಿ, ತಹಸೀಲಿನ ಪ್ಯೂನನಿಗೂ ಬಗ್ಗಿ ಸಲಾಮು ಹೊಡೆಯುತ್ತಿದ್ದ ಅರಿವೆ ವ್ಯಾಪಾರಿಗಳು, ಹಿಂದುಸ್ತಾನದ ಮಿಲಿಟರಿ ಊರೊಳಗೆ ಬಂದ ಮರುವಾರವೇ ಮನ್ಮಥಪ್ಪನ ಮುಂದೆ ಸಾಲುಗಟ್ಟಿದ್ದರು. ‘ಕನ್ನಡದಾಗ ಮಾಡ್ರಿ, ಲಗೂನ ಮಾಡ್ರಿ.’ ಅವರಲ್ಲಿ ಒಬ್ಬನಿಗೂ ತನ್ನ ಹೆಸರನ್ನು ಕನ್ನಡದಲ್ಲಿ ಓದಲು ಬರುತ್ತಿರಲಿಲ್ಲ. ಮನ್ಮಥಪ್ಪ ಅವರ ಬೋರ್ಡು ಬರೆದುಕೊಟ್ಟ, ಅವರನ್ನು ಮನಸಾರೆ ತಿರಸ್ಕರಿಸಿದ. ಕೆಲಸ ಹೆಚ್ಚಾದಾಗ ಯಾರು ಯಾರೋ ಕುಂಚ ಹಿಡಿದರು. ಬಾಗಿಲಿಗೆ ಬಣ್ಣ ಬಳಿಯುವವರು, ಟಾಂಗಾಕ್ಕೆ ಹೂವು ಬರೆಯುವವರು ಎಲ್ಲರೂ ಕನ್ನಡದ ಲೇಖಕರಾದರು. ಅವರನ್ನಂತೂ ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯಲಿಲ್ಲ.

ಮನ್ಮಥಪ್ಪನ ಕನ್ನಡ ಪುಗಸಟ್ಟೆ ಬಂದದ್ದಲ್ಲ. ಅವನು ಭಾಲ್ಕಿಯವನು. ಅವನು ಹುಡುಗನಾಗಿದ್ದಾಗ ಸಾಲಿ ಎಂದರೆ ಉರ್ದು ಸಾಲಿ. ಮಠದಲ್ಲಿ ಮಾತ್ರ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದರು. ಹೊರಗೆ ಯಾರೋ ಸಾಹೇಬರ ಕುದುರೆಯ ಸಪ್ಪಳವಾದರೆ ಮಕ್ಕಳು ಪಾಟಿಯ ಮೇಲಿನ ಅಕ್ಷರವನ್ನು ಅಂಗೈಯಿಂದ ಒರೆಸಿ ‘ಅಲಿಫ್, ಬೇ’ ಎಂದು ಕೂಗಬೇಕು. ಹಾಗೆ ಒರೆಸಿ ಒರೆಸಿ, ಹೆದರಿ ಹೆದರಿ ಕಲಿತ ಅಕ್ಷರ ಅವನಿಗೆ ಲಿಂಗದಷ್ಟೇ ಪವಿತ್ರವಾಗಿತ್ತು. ಮುಂದೆ ಬೀದರಿಗೆ ಬಂದು ಅಬ್ದುಲ ಸಮದ ಉಸ್ತಾದರ ಹತ್ತಿರ ಹನ್ನೆರಡು ವರ್ಷ ಉರ್ದು ಬೋರ್ಡು ಬರೆದ, ಕುಂಚ ಹಿಡಿಯುವುದು ಕಲಿತ. ಕನ್ನಡ ಬರೆಯುವ ಕಾಲ ಬಂದಾಗ ಆ ಕೆಲಸವನ್ನು ಪೂಜೆಯ ಹಾಗೆ ಮಾಡಿದ. ಬೆಳಿಗ್ಗೆ ಸ್ನಾನ, ವಿಭೂತಿ. ಆಮೇಲೆ ತಗಡಿನ ಮೇಲೆ ಸುಣ್ಣ ಸವರಿದ ದಾರ ಹಿಡಿದು ಗೆರೆ ಹೊಡೆಯುವುದು, ಅಡಿಪಟ್ಟಿ ಇಟ್ಟು ಪೆನ್ಸಿಲ್ಲಿನಿಂದ ಅಕ್ಷರದ ಎಲುಬು ಎಳೆಯುವುದು, ಕೊನೆಗೆ ಅಳಿಲಿನ ಕೂದಲಿನ ಕುಂಚದಲ್ಲಿ ಉಸಿರು ಹಿಡಿದು ತುಂಬುವುದು. ಅವನ ಅಕ್ಷರ ಅಚ್ಚುಮೊಳೆಯ ಅಕ್ಷರದಂತೆ ಇರುತ್ತಿತ್ತು. ಒಂದು ಬೋರ್ಡಿಗೆ ನಾಲ್ಕು ದಿನ, ಕೆಲವೊಮ್ಮೆ ಐದು.

ಹೀಗಿರುವಾಗ ಔರಾದ ತಾಲೂಕಿನಲ್ಲಿ ಹೊಸದಾಗಿ ತೆರೆಯಬೇಕಾದ ನಲವತ್ತು ಕನ್ನಡ ಸಾಲಿಗಳಿಗೆ ಬೋರ್ಡು ಬರೆಯುವ ಕೆಲಸ ಅವನಿಗೇ ಬಂತು. ಸಾಲಿ ಇನಸ್ಪೆಕ್ಟರ್ ಸಾಹೇಬರು ಕರೆಸಿ, ಜೂನಿನೊಳಗೆ ನಲವತ್ತೂ ಗೋಡೆಗೆ ಏರಿರಬೇಕು ಎಂದರು. ಮನ್ಮಥಪ್ಪ ತಗಡು, ಬಣ್ಣದ ಡಬ್ಬಿ, ದಾರ, ಅಡಿಪಟ್ಟಿ ಎಲ್ಲ ಕಟ್ಟಿಕೊಂಡು ಔರಾದಕ್ಕೆ ಹೋಗಿ ಧರ್ಮಶಾಲೆಯಲ್ಲಿ ಕುಳಿತ. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು. ಹನ್ನೊಂದು ಬೋರ್ಡು ಮುಗಿದವು. ಹನ್ನೊಂದೂ ಮುತ್ತಿನಂಥವು ಎಂದು ಅವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಗೊತ್ತಿತ್ತು.

ಮೇ ತಿಂಗಳ ಮೊದಲಲ್ಲಿ ಒಂದು ದಿನ ಅವನು ಹನ್ನೆರಡನೆಯ ಊರಿನ ಗೋಡೆ ನೋಡಲು ಎತ್ತಿನ ಗಾಡಿಯಲ್ಲಿ ಹೊರಟ. ಡಾಬಕಾ ದಾಟಿ ಇನ್ನೂ ಒಳಗೆ ಹೋದರೆ ಮಾಳವಾಡಿ. ಮೂವತ್ತು ಮನೆ, ಎಲ್ಲ ಕುರಿ ಸಾಕುವವರು. ಊರ ಹೊರಗೆ ಕಲ್ಲುಗೋಡೆಯ ಎರಡು ಖೋಲಿಯ ಸಾಲಿ ಆಗಷ್ಟೇ ಎದ್ದಿತ್ತು. ಗಾಡಿಯಿಂದ ಇಳಿಯುವ ಮೊದಲೇ ಅವನ ಕಣ್ಣಿಗೆ ಬಿದ್ದದ್ದು, ಸುಣ್ಣ ಬಳಿದ ಗೋಡೆಯ ಮೇಲೆ ಜಾಜುಕೆಂಪಿನಲ್ಲಿ ಮೊಳದುದ್ದದ ಅಕ್ಷರಗಳಲ್ಲಿ ಬರೆದ ‘ಮಾಳವಾಡಿ ಸಾಲಿ’.

ಅಂಥ ಅಕ್ಷರವನ್ನು ಮನ್ಮಥಪ್ಪ ಹುಟ್ಟಿದಾಗಿನಿಂದ ನೋಡಿರಲಿಲ್ಲ. ‘ಮಾ’ ಶುರುವಿನಲ್ಲಿ ದಪ್ಪಗೆ ಕುಳಿತು, ಬಲಕ್ಕೆ ಹೋಗುತ್ತ ಹೋಗುತ್ತ ತೆಳ್ಳಗಾಗಿ, ಬಣ್ಣ ತೀರಿದಲ್ಲಿ ಒಣ ಕುಂಚದ ಗೀರುಗಳು ಹಾಗೇ ಉಳಿದಿದ್ದವು. ತಲೆಕಟ್ಟುಗಳು ಒಂದಕ್ಕೊಂದು ತಾಗಿದ್ದವು. ‘ಡಿ’ಯ ಗುಡಿಸು ಮೇಲಕ್ಕೆ ಜಿಗಿದು ಮುಂದಿನ ಅಕ್ಷರದ ಮೇಲೇ ಹೋಗಿ ನಿಂತಿತ್ತು. ಸಾಲು ನೆಟ್ಟಗಿರಲಿಲ್ಲ, ದಿನ್ನೆ ಏರಿದಂತೆ ಮೇಲೇರಿತ್ತು. ಯಾರೋ ನಗುತ್ತ, ಮಾತಾಡುತ್ತ, ಎಲ್ಲಿಗೋ ಹೋಗುವ ದಾರಿಯಲ್ಲಿ ಬರೆದುಹೋದಂತಿತ್ತು. ಅಕ್ಷರದ ಮುಂದೆ ನಗಾಡುವವರನ್ನು ಕಂಡರೆ ಮನ್ಮಥಪ್ಪನಿಗೆ ಮೈ ಉರಿಯುತ್ತಿತ್ತು.

‘ಯಾರು ಬರದಿದ್ದು ಇದು?’ ಎಂದು ಕೇಳಿದ.

ಸಾಲಿಯ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕ ಎದ್ದು ನಿಂತ. ಹೆಗಲ ಮೇಲೆ ಕಂಬಳಿ, ಬೆರಳ ತುದಿಗಳೆಲ್ಲ ಕೆಂಪು. ಹೆಸರು ಧೊಂಡಿಬಾ.

‘ನಾನೇ ರಿ. ಮೊನ್ನಿ ಮಾಸ್ತರ ಸಾಲಿ ನೋಡ್ಲಿಕ್ಕಿ ಬಂದಿದ್ರು, ಭಾಲ್ಕಿಯವರು, ಹಾವಗೆಪ್ಪ ಮಾಸ್ತರ. ಪಾಟಿ ಮ್ಯಾಲ ಬರದು ತೋರಿಸಿ ಹೋದ್ರು. ನೋಡಿ ಎಳದೀನಿ.’

‘ಓದಲಿಕ್ಕಿ ಬರ್ತದೇನು ನಿನಗ?’

‘ಇಲ್ರಿ. ನಾ ಕುರಿಗೆ ಗುರ್ತು ಹಾಕವ. ಮೂವತ್ತು ಮನಿ ಕುರಿ, ಮೂವತ್ತು ನಮೂನಿ ಗುರ್ತು. ನಲವತ್ತು ವರ್ಷ ಆತು.’

‘ಅದಕ್ಕ ಮತ್ತ. ಕುರಿ ಹಿಕ್ಕಿ ಹಾಕಿದಂಗ ಅದ.’

ಧೊಂಡಿಬಾ ಅದನ್ನು ಚೇಷ್ಟೆ ಎಂದುಕೊಂಡು ನಕ್ಕ. ‘ಕುರಿ ನಿಂದ್ರಲ್ರಿ ಸಾಹುಕಾರ. ಹಿಡಿದವ್ರ ಕೈಯಾಗಿಂದ ಜಿಗಿಯೋದ್ರಾಗ ಗುರ್ತು ಮುಗೀಬೇಕು. ನಿಂತು ವಿಚಾರ ಮಾಡ್ಕೋತ ಕೂತ್ರ ಅರ್ಧ ಗುರ್ತು ಕುರಿ ಮ್ಯಾಲ, ಅರ್ಧ ನಮ್ಮ ಧೋತರದ ಮ್ಯಾಲ.’ ಹೀಗೆಂದು ತನ್ನ ಕುಂಚ ತೋರಿಸಿದ. ಈಚಲ ಗರಿಯ ಬುಡವನ್ನು ಕಲ್ಲಿನಿಂದ ಜಜ್ಜಿ ನಾರು ಬಿಡಿಸಿದ್ದ, ಅಷ್ಟೇ. ಬಣ್ಣವೆಂದರೆ ಅಗಸಿ ಎಣ್ಣೆಯಲ್ಲಿ ಕಲಸಿದ ಜಾಜು, ಕೆಮ್ಮಣ್ಣು. ಮನ್ಮಥಪ್ಪ ಅದನ್ನು ಮುಟ್ಟಲಿಲ್ಲ.

ಅವನ ಗ್ರಹಚಾರಕ್ಕೆ ಅದೇ ಹೊತ್ತಿಗೆ ಇನಸ್ಪೆಕ್ಟರರ ಜೀಪು ಧೂಳೆಬ್ಬಿಸಿಕೊಂಡು ಬಂತು. ಸಾಹೇಬರು ಇಳಿದು, ಸೊಂಟಕ್ಕೆ ಕೈಯಿಟ್ಟು, ಗೋಡೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

‘ಮನ್ಮಥಪ್ಪ, ಬೋರ್ಡು ಎಷ್ಟು ಆದವು?’

‘ಹನ್ನೊಂದು ರಿ.’

‘ಎರಡು ತಿಂಗಳಿಗಿ ಹನ್ನೊಂದು.’ ಸಾಹೇಬರು ಮುದುಕನ ಕಡೆ ತಿರುಗಿದರು. ‘ಇದಕ್ಕ ಎಷ್ಟು ಹೊತ್ತು ಹಿಡೀತು?’

‘ಒಂದು ಚಿಲಿಮಿ ಸೇದೋ ಅಷ್ಟು ಹೊತ್ತು ರಿ.’

ಸಾಹೇಬರು ಗಟ್ಟಿಯಾಗಿ ನಕ್ಕರು. ಉಳಿದ ಇಪ್ಪತ್ತೊಂಬತ್ತು ಬೋರ್ಡನ್ನು ಧೊಂಡಿಬಾ ಬರೆಯಲಿ, ಮನ್ಮಥಪ್ಪ ತಗಡು, ಬಣ್ಣ ಒದಗಿಸಿ, ಚೀಟಿಯ ಮೇಲೆ ಮಾತು ಬರೆದುಕೊಡಲಿ ಎಂದು ಅಲ್ಲೇ ಹುಕುಂ ಆಯಿತು. ‘ದೂರದಿಂದ ಕಾಣ್ತದ. ಮಕ್ಕಳಿಗೆ ಕರದಂಗ ಅನಸ್ತದ’ ಎಂದರು ಸಾಹೇಬರು. ಕರೆದಂತೆ! ಅಕ್ಷರವೇನು ಸಂತೆಯಲ್ಲಿ ಬದನೆಕಾಯಿ ಮಾರುವವಳೇ ಕರೆಯಲಿಕ್ಕೆ? ಆದರೆ ಹುಕುಂ ಹುಕುಮೇ.

ಮರುದಿನದಿಂದ ಔರಾದದ ಧರ್ಮಶಾಲೆಯ ಬೇವಿನ ಮರದ ಕೆಳಗೆ ಕೆಲಸ ನಡೆಯಿತು. ಮನ್ಮಥಪ್ಪ ಚೀಟಿ ಬರೆದುಕೊಡಬೇಕು: ‘ಸರಕಾರಿ ಕನ್ನಡ ಪ್ರಾಥಮಿಕ ಶಾಲೆ’, ಕೆಳಗೆ ಊರಿನ ಹೆಸರು, ಅದರ ಕೆಳಗೆ ‘ತಾಲೂಕು ಔರಾದ’. ಧೊಂಡಿಬಾ ಚೀಟಿಯನ್ನು ಮೊಳಕಾಲ ಹತ್ತಿರ ಕಲ್ಲಿನಡಿ ಇಟ್ಟು, ಒಂದೆರಡು ಸಲ ಗಾಳಿಯಲ್ಲಿ ಕೈಯಾಡಿಸಿ, ಆಮೇಲೆ ತಗಡಿನ ಮೇಲೆ ಒಂದೇ ಉಸಿರಿಗೆ ಎಳೆದುಬಿಡುತ್ತಿದ್ದ. ಮೊದಲ ದಿನ ಚೀಟಿಯನ್ನು ತಲೆಕೆಳಗಾಗಿ ಇಟ್ಟುಕೊಂಡಿದ್ದ. ಮನ್ಮಥಪ್ಪ ತಿದ್ದಲಿಲ್ಲ, ಅರ್ಧ ಸಾಲು ಹೋಗುವತನಕ ಸುಮ್ಮನೆ ಕುಳಿತು, ಆಮೇಲೆ ಸಂತೆಗೆ ಬಂದವರೆಲ್ಲರಿಗೂ ಕೇಳುವಂತೆ ನಕ್ಕ. ಧೊಂಡಿಬಾ ನಾಚಿ, ತಗಡು ಒರೆಸಿ, ಮತ್ತೆ ಬರೆದ.

ಬರೆಯುವಾಗ ಮುದುಕ ನಡುನಡುವೆ ಒಂದು ಅಕ್ಷರದ ಮೇಲೆ ಬೆರಳಿಟ್ಟು ಕೇಳುತ್ತಿದ್ದ. ‘ಇದು ಏನಂತದ ರಿ?’

‘ನಿನಗ್ಯಾಕ ಬೇಕು ಅದು? ನೋಡು, ಎಳಿ.’

‘ಹಂಗಲ್ರಿ, ಈ ಹೊಟ್ಟಿ ಇರೋದು ಎಲ್ಲಾ ಊರಿಗೂ ಬರ್ತದ. ಏನಂತದ ಅಂತ.’

‘ಕುರಿಗೆ ಕೇಳು.’

ಕೇಳುವುದನ್ನು ಧೊಂಡಿಬಾ ನಿಲ್ಲಿಸಿದ. ಬರೆಯುವುದನ್ನು ನಿಲ್ಲಿಸಲಿಲ್ಲ. ಹತ್ತು ದಿನಕ್ಕೆ ಹದಿನೈದು ಬೋರ್ಡು ಮುಗಿದವು. ಚಿಂತಾಕಿಯವರು ಬಂದು ತಮ್ಮ ಬೋರ್ಡನ್ನು ಹೊಸ ಮದುಮಗಳನ್ನು ಕರೆದೊಯ್ಯುವಂತೆ ಗಾಡಿಯಲ್ಲಿ ಒಯ್ದರು. ಔರಾದದ ಒಬ್ಬ ಬೀಡಿ ಅಂಗಡಿಯವನು ತನ್ನ ಗೋಡೆಗೂ ಹಾಗೇ ಬರೆದುಕೊಡು ಎಂದು ಮುದುಕನಿಗೆ ಗಂಟುಬಿದ್ದ. ಟಾಂಗಾದವನೊಬ್ಬ ತನ್ನ ಕುದುರೆಯ ಹೆಸರು ಬರೆಸಿಕೊಂಡ. ಮನ್ಮಥಪ್ಪ ಬರೆದ ಹನ್ನೊಂದು ಬೋರ್ಡಿನ ಮಾತು ಯಾರೂ ಎತ್ತಲಿಲ್ಲ.

ನಡುವೆ ಒಂದು ಸೋಮವಾರ ಮನ್ಮಥಪ್ಪ ಬೀದರಿಗೆ ಬಂದ. ಬರುವಾಗ ಧೊಂಡಿಬಾ ಕೈ ಪಳಗಿಸಲು ಬರೆದಿದ್ದ ಒಂದು ತಗಡಿನ ತುಂಡನ್ನು ಜೊತೆಗೆ ತಂದ. ಅದನ್ನು ತೋರಿಸಿ, ಒಬ್ಬರಾದರೂ ಬಲ್ಲವರ ಬಾಯಿಂದ ಛೀ ಎನಿಸಬೇಕೆಂದು ಅವನ ಆಸೆ. ಬಲ್ಲವರು ಎಂದರೆ ಸಮದ ಉಸ್ತಾದರು. ಅವರೀಗ ನೌಬಾದದಲ್ಲಿ ಮಗಳು ಅಕ್ತರಬೀಯ ಮನೆಯಲ್ಲಿದ್ದರು. ಆಕ್ಷನ್ನಿನ ಸಪ್ಟೆಂಬರಿನಲ್ಲಿ ಅವರ ತಮ್ಮ ದಸ್ತಗೀರ ಹಳ್ಳಿಯ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಅವನ ಹೆಣ ಕೂಡ ಸಿಗಲಿಲ್ಲ. ಅಲ್ಲಿಂದ ಉಸ್ತಾದರು ಕುಂಚ ಮುಟ್ಟಿರಲಿಲ್ಲ. ಊರಿನಲ್ಲಿದ್ದ ಅವರ ಬೋರ್ಡುಗಳ ಮೇಲೆಲ್ಲ ಈಗ ಮನ್ಮಥಪ್ಪನ ಕನ್ನಡವಿತ್ತು. ಆ ಮಾತನ್ನು ಇಬ್ಬರೂ ಎಂದೂ ಆಡಿರಲಿಲ್ಲ.

ಉಸ್ತಾದರು ತಗಡನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೂ ಬೆರಳನ್ನು ಗೆರೆಯ ಮೇಲೆ, ಕುಂಚ ಹೋದ ದಾರಿಯಲ್ಲೇ, ಮೊದಲಿಂದ ಕೊನೆಯತನಕ ಒಯ್ದರು.

‘ಯಾರ ಶಾಗಿರ್ದ ಇವ? ಯಾರ ಕೈಯಾಗ ಕಲ್ತಾನ?’

‘ಕುರಿ ಕಾಯೋ ಮುದುಕ. ಕುರಿಗಳ ಶಾಗಿರ್ದ, ಉಸ್ತಾದ’ ಎಂದ ಮನ್ಮಥಪ್ಪ, ನಗುವಿಗೆ ಕಾಯುತ್ತ.

ಉಸ್ತಾದರು ನಕ್ಕರು, ಆದರೆ ಮನ್ಮಥಪ್ಪ ಬಯಸಿದ ನಗು ಅದಾಗಿರಲಿಲ್ಲ. ‘ನಮ್ಮಲ್ಲಿ ಶಿಕಸ್ತಾ ಅಂತ ಅದ, ನಿನಗ ಗೊತ್ತಲ್ಲ ಬೇಟಾ. ಮುರಕಾ ಬರಹ. ನಾ ಹತ್ತು ವರ್ಷ ಕೂತು ಬರೆದರೂ ನನಗ ಬರ್ಲಿಲ್ಲ. ಅಕ್ಷರ ಕೂಡಸೋದು ಯಾರಿಗಾದ್ರೂ ಕಲಸಬಹುದು. ಕೈ ಸಡಿಲ ಬಿಡೋದು ಕಲಸಲಿಕ್ಕಿ ಬರಲ್ಲ. ಈ ಮುದುಕನ ಕೈ ಬಿಟ್ಟದ.’

‘ಇದು ಬರಹ ಅಲ್ಲ ಉಸ್ತಾದ, ಬೇಜವಾಬ್ದಾರಿ.’

‘ನಿನ್ನ ಕೈ ಸಾಫ ಅದ, ಮನ್ಮಥ. ಯಾರೂ ಇಲ್ಲ ಅನ್ನಲ್ಲ.’ ಉಸ್ತಾದರು ತಗಡನ್ನು ತಿರುಗಿ ಕೊಟ್ಟರು. ‘ಆದ್ರ ನಿನ್ನ ಕೈ ಹೆದರ್ತದ. ಯಾರೋ ಬಂದು ಒರಸ್ರಿ ಅಂತಾರ ಅಂತ ಹೆದರ್ತದ.’

ಮನ್ಮಥಪ್ಪ ಚಹಾ ಕುಡಿಯದೆ ಎದ್ದು ಬಂದ. ಊರಿನವರ ದಡ್ಡತನ ಅವನಿಗೆ ಹೊಸದಲ್ಲ, ಅದು ತಟ್ಟುತ್ತಲೂ ಇರಲಿಲ್ಲ. ಉಸ್ತಾದರ ಮಾತು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆಚೂರಿನಂತೆ ಔರಾದದವರೆಗೂ ಅವನ ಜೊತೆಗೇ ಬಂತು.

ಅಲ್ಲಿ ಧೊಂಡಿಬಾ ಕಾಯುತ್ತಿದ್ದ. ಅವತ್ತು ಮಾಳವಾಡಿಯ ತಗಡಿನ ಸರದಿ. ಗೋಡೆಯ ಮೇಲಿನ ಜಾಜು ಮಳೆಗೆ ನಿಲ್ಲುವುದಿಲ್ಲ, ಅಲ್ಲಿಯ ಸಾಲಿಗೂ ಸರಕಾರಿ ಬೋರ್ಡು ಬೇಕೇ ಬೇಕು. ಮುದುಕ ಅವತ್ತು ತೊಳೆದ ಧೋತರ ಉಟ್ಟು ಬಂದಿದ್ದ. ‘ನಮ್ಮೂರಿಂದು ರಿ’ ಎಂದು ಎರಡು ಸಲ ಹೇಳಿದ.

ಮನ್ಮಥಪ್ಪ ಚೀಟಿ ತೆಗೆದುಕೊಂಡ. ತಾನು ಏನು ಬರೆಯಲಿದ್ದೇನೆಂದು ಅವನಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ ಎಂದು ಆಮೇಲೆ ಅವನು ಹೆಂಡತಿಗೆ ಹೇಳಿದ. ಅದು ಸುಳ್ಳು. ದಾರಿಯುದ್ದಕ್ಕೂ ಅವನು ಅದನ್ನೇ ಜಗಿಯುತ್ತ ಬಂದಿದ್ದ. ಮುತ್ತಿನಂಥ ಅಕ್ಷರದಲ್ಲಿ ಬರೆದ: ‘ಕುರಿಗಳ ದೊಡ್ಡಿ, ಮಾಳವಾಡಿ. ಓದುವವರೂ ಕುರಿ, ಬರೆದವನೂ ಕುರಿ.’

ಧೊಂಡಿಬಾ ಚೀಟಿಯನ್ನು ನೋಡಿ ಹುಬ್ಬು ಏರಿಸಿದ. ಓದಲು ಬರದಿದ್ದರೂ ಆಕಾರ ಗುರುತಿಸುವ ಕಣ್ಣು ಅವನದು.

‘ಈ ಸಲ ಬ್ಯಾರೆ ಅದಲ್ರಿ? ಮ್ಯಾಲಿನ ಸಾಲು ಅದಲ್ಲ ಇದು.’

‘ನಿಮ್ಮೂರಿಗಿ ಖಾಸ್ ಬರದೀನಿ. ನಿನ್ನೂರಲ್ಲೇನು?’

ಮುದುಕನ ಮುಖ ಅರಳಿದ್ದನ್ನು ಮನ್ಮಥಪ್ಪ ನೋಡಿದ. ಒಂದು ಗಳಿಗೆ ಅವನ ಕೈ ಚೀಟಿಯ ಕಡೆ ಹೋಗಿ, ಹಾಗೇ ಹಿಂದೆ ಬಂತು.

ಆ ಬೋರ್ಡನ್ನು ಧೊಂಡಿಬಾ ಬರೆದಂತೆ ಬೇರೆ ಯಾವುದನ್ನೂ ಬರೆದಿರಲಿಲ್ಲ. ಹೊಸ ಈಚಲ ಕುಂಚ ಜಜ್ಜಿ ತಂದಿದ್ದ. ‘ಕು’ವಿನ ಕೊಂಬು ನೆಲದಿಂದ ಎದ್ದ ಹೊಗೆಯಂತೆ ಸುತ್ತಿ ಮೇಲೆ ಹೋಯಿತು. ‘ರಿ’ ಬಂದಲ್ಲೆಲ್ಲ ಒಂದು ಪುಟ್ಟ ಕುಲುಕು. ಬರೆದು, ಹಿಂದೆ ಸರಿದು ನೋಡಿ, ತಲೆಯಾಡಿಸಿ, ಒಣಗಿದ ಮೇಲೆ ಕಂಬಳಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಮಾಳವಾಡಿಗೆ ನಡೆದ. ಊರವರೆಲ್ಲ ಸೇರಿ ತೆಂಗಿನಕಾಯಿ ಒಡೆದು ಅದನ್ನು ಸಾಲಿಯ ಬಾಗಿಲ ಮೇಲೆ ಮೊಳೆ ಹೊಡೆದು ನಿಲ್ಲಿಸಿದರು. ಓದಬಲ್ಲವನು ಆ ಊರಿನಲ್ಲಿ ಒಬ್ಬನೂ ಇರಲಿಲ್ಲ. ಪಾಟೀಲನಿಗೆ ಉರ್ದು ಬರುತ್ತಿತ್ತು, ಅಷ್ಟೇ. ಹಾವಗೆಪ್ಪ ಮಾಸ್ತರರು ಜೂನಿನಲ್ಲಿ ಬರುವವರು.

ಉಳಿದ ತಗಡುಗಳನ್ನು ಮಳೆ ಬರುವ ಮೊದಲು ಬಂದು ಮುಗಿಸುವುದಾಗಿ ಹೇಳಿ ಮನ್ಮಥಪ್ಪ ಬೀದರಿಗೆ ಹೊರಟುಬಂದ. ಚೌಬಾರಾದ ಚಹಾ ಅಂಗಡಿಯಲ್ಲಿ ಕುಳಿತು ಈ ಕಥೆ ಹೇಳಿದ. ಯಾವ ಅರಿವೆ ವ್ಯಾಪಾರಿಗಳನ್ನು ಅವನು ಹುಳದಂತೆ ನೋಡುತ್ತಿದ್ದನೋ ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗು ಕೇಳಿ ಅವನಿಗೆ ಖುಷಿಯಾಯಿತು. ಆ ಖುಷಿಗೆ ಸ್ವಲ್ಪ ಅಸಹ್ಯವೂ ಆಯಿತು, ಆದರೆ ಅದನ್ನು ನುಂಗಿಕೊಂಡು ಮರುದಿನ ಮತ್ತೊಮ್ಮೆ ಹೇಳಿದ.

ಮಾತು ಮನೆಗೆ ತಲುಪಲು ಎರಡು ದಿನ ಸಾಕಾಯಿತು. ಶಾಂತಾಬಾಯಿ ಊಟಕ್ಕೆ ಬಡಿಸುತ್ತ ಕೇಳಿದಳು.

‘ಬಜಾರದಾಗ ಅಂತಾರಲ್ರಿ, ಖರೇನಾ?’

‘ಏನು?’

‘ಆ ಮುದಕನ ಕೈಲೆ ಆತಗೇ ಬೈಗುಳ ಬರಸೀರಿ ಅಂತ.’

‘ಚೇಷ್ಟಿ ಮಾಡಿದೆ. ಅಕ್ಷರದ ಬೆಲೆ ಗೊತ್ತಾಗ್ಲಿ.’

‘ಕುರುಡನ ಗಂಗಾಳದಾಗ ಕಲ್ಲು ಹಾಕಿ, ಬೆಲೆ ಗೊತ್ತಾಗ್ಲಿ ಅಂತೀರಾ?’ ಎಂದಳು ಶಾಂತಾಬಾಯಿ. ರೊಟ್ಟಿಯ ಬುಟ್ಟಿಯನ್ನು ಅವನ ಮುಂದೆ ಇಟ್ಟು ಎದ್ದು ಹೋದಳು. ಅವತ್ತಿನಿಂದ ಅವಳು ಕೈಯಾರೆ ಬಡಿಸುವುದನ್ನು ಬಿಟ್ಟಳು. ಬುಟ್ಟಿ ಇಡುವಳು, ಹೋಗುವಳು. ಹೆಂಗಸರಿಗೆ ಕಲೆಯ ಮಾತು ತಿಳಿಯುವುದಿಲ್ಲ ಎಂದು ಮನ್ಮಥಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಜೂನಿನ ಎರಡನೆಯ ವಾರ ಒಂದು ಮಧ್ಯಾಹ್ನ ಮನ್ಮಥಪ್ಪನ ಅಂಗಡಿಯ ಮುಂದೆ ನೆರಳು ಬಿತ್ತು. ತಲೆ ಎತ್ತಿದರೆ ಧೊಂಡಿಬಾ. ಮಾಳವಾಡಿಯಿಂದ ಬೀದರಿಗೆ ನಡೆದೇ ಬಂದಿದ್ದ, ಮೊಳಕಾಲಿನವರೆಗೆ ಕೆಸರು. ತಲೆಯ ಮೇಲಿದ್ದ ಕಂಬಳಿಯ ಗಂಟನ್ನು ಇಳಿಸಿ, ಬಿಚ್ಚಿ, ಬೋರ್ಡನ್ನು ಅಂಗಡಿಯ ಕಟ್ಟೆಗೆ ಒರಗಿಸಿ ಇಟ್ಟ. ಎದುರಿನ ಅರಿವೆ ಅಂಗಡಿಯವರು ಗದ್ದಿಗೆ ಬಿಟ್ಟು ಹೊರಗೆ ಬಂದರು. ಇನ್ನೊಮ್ಮೆ ನಗುವ ಅವಕಾಶ ಬಂತೆಂದು ಅವರಿಗೆ ಅನಿಸಿರಬೇಕು.

‘ಮಾಸ್ತರ ಓದಿ ಹೇಳಿದ್ರು ರಿ’ ಎಂದ ಧೊಂಡಿಬಾ. ಅವನ ದನಿ ಏರಲಿಲ್ಲ. ‘ಮೊದಲು ಹೇಳಲಿಲ್ಲ. ನಾನೇ ಗಂಟುಬಿದ್ದೆ. ಖಾಸ್ ಏನು ಬರದಾರ ನೋಡ್ರಿ, ಮಕ್ಕಳಿಗಿ ಹೇಳ್ರಿ ಅಂದೆ. ಆಗ ಹೇಳಿದ್ರು.’

ಮನ್ಮಥಪ್ಪ ಕುಂಚ ಒರೆಸುತ್ತ, ‘ಚೇಷ್ಟಿ ಮಾಡೀನಿ. ಅದ್ಕ ಇಷ್ಟು ದೂರ ಬರಬೇಕಾಗಿತ್ತೇನು?’ ಎಂದ.

‘ಇದರಾಗ ಬರೆದವನೂ ಕುರಿ ಅಂತ ಅದ ಅಂತಲ್ರಿ.’

‘ಹೌದು. ಅದ.’

‘ನಾ ಬರ್ದಿಲ್ರಿ. ನಾ ಗೆರಿ ಎಳದೀನಿ.’ ಧೊಂಡಿಬಾ ಬೋರ್ಡಿನ ಮೇಲೆ ಬೆರಳಿಟ್ಟ. ‘ಬರೆದವರು ನೀವು ರಿ.’

ಎದುರು ಅಂಗಡಿಯಲ್ಲಿ ಯಾರೋ ಪಕ್ಕನೆ ನಕ್ಕು, ಕೂಡಲೇ ಕೆಮ್ಮಿದಂತೆ ಮಾಡಿದರು. ಮನ್ಮಥಪ್ಪ ಎದ್ದು ನಿಂತು, ‘ಏ, ಮಾತು ಸಂಬಾಳಿಸಿ ಆಡು’ ಎಂದ.

‘ನಲವತ್ತು ವರ್ಷ ಗುರ್ತು ಹಾಕೀನಿ ರಿ. ಒಬ್ಬರ ಕುರಿ ಮ್ಯಾಲ ಇನ್ನೊಬ್ಬರ ಗುರ್ತು ಹಾಕಿಲ್ಲ. ನಮ್ಮ ಕಡಿ ಅದಕ್ಕ ಕಳವು ಅಂತಾರ. ನಿಮ್ಮ ಕಡಿ ಏನಂತಾರೋ ನನಗ ಗೊತ್ತಿಲ್ಲ.’ ಮುದುಕ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡ. ‘ಇದು ನಿಮ್ಮದು, ನೀವೇ ಇಟ್ಕೋರಿ. ಉಳಿದ ತಗಡು ಧರ್ಮಶಾಲಿಯಾಗ ಅವ. ಓದಲಿಕ್ಕಿ ಬರೋ ತನಕ ನಾ ಇನ್ನ ಒಂದು ಅಕ್ಷರ ಎಳಿಯಲ್ಲ.’

ಮುದುಕನಿಗೆ ನೀರು ಬೇಕೇನು ಎಂದೂ ಕೇಳದೆ ಮನ್ಮಥಪ್ಪ ಬೋರ್ಡನ್ನು ಒಳಗೆ ತೆಗೆದು ಮುಖ ಗೋಡೆಗೆ ಮಾಡಿ ಇಟ್ಟ. ಮುದುಕನಿಗೆ ಸೊಕ್ಕು, ಮಾಸ್ತರನಿಗೆ ಚಾಡಿ, ಊರಿಗೆ ಹಾಸ್ಯದ ಬುದ್ಧಿಯಿಲ್ಲ ಎಂದು ಅವತ್ತು ಸಂಜೆಯವರೆಗೆ ಒಬ್ಬೊಬ್ಬರನ್ನೇ ಬೈದುಕೊಂಡ. ಬೈಯುತ್ತಲೇ ಒಮ್ಮೆ ಬೋರ್ಡನ್ನು ತಿರುಗಿಸಿ, ‘ಕು’ವಿನ ಕೊಂಬು ಹೇಗೆ ಮೇಲಕ್ಕೆ ಹೋಗಿದೆ ಎಂದು ಬೆರಳಿನಿಂದ ಹಿಂಬಾಲಿಸಿ ನೋಡಿದ. ತನ್ನ ಕುಂಚದಿಂದ ಒಂದು ರದ್ದಿ ಕಾಗದದ ಮೇಲೆ ಎಳೆದೂ ನೋಡಿದ. ಕೊಂಬು ಅಚ್ಚುಮೊಳೆಯದರಂತೆ ಬಿಗಿದುಕೊಂಡೇ ಬಂತು. ಕಾಗದವನ್ನು ಮುದ್ದೆ ಮಾಡಿ ಗಟಾರಕ್ಕೆ ಎಸೆದ.

ಔರಾದದ ಹದಿಮೂರು ಸಾಲಿಗಳು ಬೋರ್ಡಿಲ್ಲದೆ ತೆರೆದವು. ಧೊಂಡಿಬಾನನ್ನು ಕರೆಸಿದರೆ ಬರಲಿಲ್ಲ. ಯಾಕೆಂದು ಕೇಳಲು ಇನಸ್ಪೆಕ್ಟರರು ಶ್ರಾವಣದಲ್ಲಿ ಮಾಳವಾಡಿಗೆ ಹೋದರು. ಅಲ್ಲಿ ಹದಿನಾಲ್ಕು ಮಕ್ಕಳ ಹಿಂದೆ, ಬಾಗಿಲ ಹತ್ತಿರ, ಪಾಟಿ ಹಿಡಿದು ಕುಳಿತ ಮುದುಕನನ್ನು ಕಂಡರು. ಕುರಿಗಳನ್ನು ತನ್ನ ಮಕ್ಕಳಿಗೆ ಒಪ್ಪಿಸಿ ಅವನು ದಿನಾ ಬಂದು ಕೂರುತ್ತಿದ್ದನಂತೆ. ಆಕಾರಗಳೆಲ್ಲ ಮೊದಲೇ ಕೈಯಲ್ಲಿದ್ದವು, ಹೆಸರು ಮಾತ್ರ ಕಲಿಯಬೇಕಿತ್ತು ಎಂದು ಹಾವಗೆಪ್ಪ ಮಾಸ್ತರರು ಹೇಳಿದರು. ಉಳಿದ ಸಂಗತಿಯನ್ನೂ ಹೇಳಿದರು. ಮಾಸ್ತರರು ಭಾಲ್ಕಿಯ ಅದೇ ಮಠದಲ್ಲಿ, ಮನ್ಮಥಪ್ಪನಿಗಿಂತ ಹತ್ತು ವರ್ಷದ ಆಮೇಲೆ, ಅದೇ ರೀತಿ ಪಾಟಿ ಒರೆಸಿ ಕಲಿತವರು. ‘ನಮ್ಮವನೇ ಹಿಂಗ ಮಾಡಿದ ಅಂತ ಹೇಳ್ಲಿಕ್ಕಿ ನನಗ ನಾಚಿಕಿ ಬರ್ತದ ರಿ’ ಎಂದರಂತೆ.

ಇನಸ್ಪೆಕ್ಟರರು ಮನ್ಮಥಪ್ಪನನ್ನು ಕಚೇರಿಗೆ ಕರೆಸಿ, ನಿಲ್ಲಿಸಿಯೇ ಮಾತಾಡಿದರು. ಉಳಿದ ಬೋರ್ಡಿನ ಕೆಲಸ ಹೋಯಿತು. ಮಾಳವಾಡಿಯದೊಂದನ್ನು ಅವನೇ ಕೈಯಾರೆ ಬರೆದು, ಅವನೇ ಹೊತ್ತು ಒಯ್ದು ಕೊಟ್ಟು ಬರಬೇಕು ಎಂದು ಹೇಳಿದರು.

ಆ ಬೋರ್ಡಿಗೆ ಅವನು ಒಂಬತ್ತು ದಿನ ತೆಗೆದುಕೊಂಡ. ಜೀವಮಾನದಲ್ಲಿ ಅಷ್ಟು ಒಳ್ಳೆಯದನ್ನು ಬರೆದಿರಲಿಲ್ಲ. ದಸರೆ ಮುಗಿದ ವಾರ ಮಾಳವಾಡಿಗೆ ಹೋದ. ಊರಿನವರು ಬಯ್ಯಬಹುದು, ಹೊಡೆಯಲೂಬಹುದು ಎಂದು ಅವನು ತಯಾರಾಗಿದ್ದ. ಹಾಗೇನಾದರೂ ಆದರೆ ಅವರನ್ನು ತಿರಸ್ಕರಿಸುವುದು ಸುಲಭವಿತ್ತು. ಯಾರೂ ಏನೂ ಅನ್ನಲಿಲ್ಲ. ಧೊಂಡಿಬಾನ ಹೆಂಡತಿ ಚಂದ್ರಭಾಗಾ ಚರಿಗೆಯಲ್ಲಿ ನೀರು ತಂದು ಕಾಲಿಗೂ ಕುಡಿಯಲಿಕ್ಕೂ ಕೊಟ್ಟಳು. ಮಾಸ್ತರರು ನಮಸ್ಕಾರ ಎಂದರು. ಮೊಳೆ, ಸುತ್ತಿಗೆ ತಯಾರಿದ್ದವು. ಮನ್ಮಥಪ್ಪ ಬೋರ್ಡನ್ನು ಬಿಚ್ಚಿ ಬಾಗಿಲ ಕಡೆ ಎತ್ತಲು ಹೋದ.

‘ತಡೀರಿ’ ಎಂದ ಪಾಟೀಲ. ‘ಧೊಂಡಿಬಾ ಕಾಕಾ ನೋಡ್ಲಿ.’

ಬೋರ್ಡನ್ನು ಕಟ್ಟೆಯ ಮೇಲೆ ನಿಲ್ಲಿಸಿದರು. ಧೊಂಡಿಬಾ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಕೆಂಪು ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟು, ‘ಸ’ ಎಂದ. ಸುತ್ತ ಊರೆಲ್ಲ ನಿಂತಿತ್ತು, ಮಕ್ಕಳು ಮುಂದೆ. ‘ರ. ಕಾ. ರಿ.’ ಒಂದು ಮಗು ಮುಂದಿನದನ್ನು ಹೇಳಲು ಬಾಯಿ ತೆರೆಯಿತು, ಮಾಸ್ತರರು ಕಣ್ಣಿನಲ್ಲೇ ತಡೆದರು. ‘ಕ.’ ಬೆರಳು ನಿಂತಿತು. ಒತ್ತಕ್ಷರ. ಧೊಂಡಿಬಾ ತುಟಿಯಲ್ಲೇ ಎರಡು ಸಲ ಅಂದುಕೊಂಡು ‘ನ್ನ’ ಎಂದ. ಬಿಸಿಲು ಏರಿತ್ತು. ಮನ್ಮಥಪ್ಪ ಕೈಯಲ್ಲಿ ಏನೂ ಇಲ್ಲದೆ ನಿಂತಿದ್ದ. ಅವನ ಮಾತನ್ನು ಈ ಊರು ಹಾಗೇ ನಂಬುವುದಿಲ್ಲ. ಒಂದೊಂದು ಅಕ್ಷರವನ್ನೂ ಮುಟ್ಟಿ ನೋಡಿ, ಸುಳ್ಳಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದಿನದಕ್ಕೆ ಹೋಗುತ್ತದೆ. ಒಂಬತ್ತು ದಿನದ ಕೆಲಸದ ಮೇಲೆ ಮುದುಕನ ಬೆರಳಿನ ಜಾಜು ಅಲ್ಲಲ್ಲಿ ಹತ್ತುತ್ತಿತ್ತು. ಬೇರೆ ಯಾವ ದಿನವಾದರೂ ಅವನು ಚೀರುತ್ತಿದ್ದ. ‘ಪ್ರಾ’ದ ಹತ್ತಿರ ಮುದುಕ ಮತ್ತೆ ಸಿಕ್ಕಿಬಿದ್ದಾಗ, ಹೇಳಿಕೊಡಬೇಕೆಂದು ಮನ್ಮಥಪ್ಪನ ನಾಲಿಗೆಯ ತುದಿಗೆ ಬಂತು. ಈಗ ತಾನು ಹೇಳಿದರೆ ಯಾರು ನಂಬುತ್ತಾರೆ? ಧೊಂಡಿಬಾ ತಾನೇ ಬಿಡಿಸಿಕೊಂಡ.

ಮೂರೂ ಸಾಲು ಮುಗಿಯಲು ಎರಡು ಚಿಲಿಮೆಯ ಹೊತ್ತು ಹಿಡಿಯಿತು. ಧೊಂಡಿಬಾ ಎದ್ದು ಮೊಳಕಾಲು ಝಾಡಿಸಿಕೊಂಡ.

‘ಬರೋಬ್ಬರಿ ಅದ. ಹಚ್ರಿ’ ಎಂದ. ಮನ್ಮಥಪ್ಪನಿಗೆ ಅಲ್ಲ, ಊರಿಗೆ.

ಬೋರ್ಡು ಏರಿತು. ಮಕ್ಕಳು ಒಳಗೆ ಹೋದರು, ಅವರ ಹಿಂದೆ ಮುದುಕನೂ ಹೋದ. ಮನ್ಮಥಪ್ಪನಿಗೆ ಅಲ್ಲಿ ಇನ್ನು ನಿಲ್ಲುವ ಕಾರಣ ಯಾವುದೂ ಉಳಿಯಲಿಲ್ಲ.

ಮನೆಗೆ ಬಂದಾಗ ಶಾಂತಾಬಾಯಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಕೇಳಿದಳು, ‘ಏನಂದ್ರು ರಿ?’

‘ಏನೂ ಅನಲಿಲ್ಲ.’

‘ಮತ್ತ?’

‘ಓದಿದ್ರು’ ಎಂದ ಮನ್ಮಥಪ್ಪ.

ಶಾಂತಾಬಾಯಿ ಮೊರದಿಂದ ಕಣ್ಣೆತ್ತಿ ಅವನನ್ನು ನೋಡಿದಳು. ಅವನು ಬಚ್ಚಲಿಗೆ ಹೋಗಿ ಕಾಲು ತೊಳೆಯತೊಡಗಿದ. ಅವಳು ಜೋಳ ಕೇರುವುದನ್ನು ಮುಂದುವರಿಸಿದಳು.